ರಕ್ತದಲ್ಲಿ ಕ್ಯಾನ್ಸರ್ ಕೋಶ: 1869ರ ಮೆಲ್ಬರ್ನ್‌ನಿಂದ ನಮ್ಮೂರ ಕ್ಯಾಂಪಿನವರೆಗೆ

ಹೋದ ತಿಂಗಳು ನಮ್ಮ ಸೋದರತ್ತೆ ಫೋನ್ ಮಾಡಿದ್ದರು. ಹೋಬಳಿ ಕೇಂದ್ರದ ಕಲ್ಯಾಣ ಮಂಟಪದಲ್ಲಿ ಭಾನುವಾರ ಹೆಲ್ತ್ ಕ್ಯಾಂಪ್ ಅಂತೆ. ಬಸ್ ಸ್ಟ್ಯಾಂಡಿನಲ್ಲಿ ಹಂಚಿದ ಕರಪತ್ರದಲ್ಲಿ "ಒಂದೇ ರಕ್ತ ಪರೀಕ್ಷೆ, ಎಲ್ಲ ಕ್ಯಾನ್ಸರ್ ಪತ್ತೆ" ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದರಂತೆ. ರೇಟು 2,400 ರೂಪಾಯಿ, ಅವತ್ತೊಂದು ದಿನ ಮಾತ್ರ 1,500.

"ಹೋಗಿ ಮಾಡಿಸ್ಕಂಡು ಬಂದ್‌ಬಿಡ್ಲೇನಪ್ಪಾ? ನೀನು ಪೇಪರ್‌ನೋನು, ನಿಂಗೆ ಗೊತ್ತಿರ್ತದೆ" ಅಂದರು.

ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ಆದರೆ ಅತ್ತೆ ಯಾಕೆ ಕೇಳುತ್ತಿದ್ದಾರೆ ಅನ್ನೋದು ಗೊತ್ತಿತ್ತು. ನಲವತ್ತು ವರ್ಷದಿಂದ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಾರೆ. ಎಡಗೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ಎದ್ದಿದೆ. ಖಾರ ತಿಂದರೆ ಉರಿ. ಡಾಕ್ಟರ ಹತ್ತಿರ ಬಾಯಿ ತೆರೆಯೋಕೆ ಭಯ. ರಕ್ತ ಕೊಟ್ಟು ಚೀಟಿ ತಗೊಳ್ಳೋದು ಸುಲಭ ಅನ್ನಿಸಿದೆ.

"ಎರಡು ದಿನ ತಡಿ ಅತ್ತೆ, ಓದಿ ಹೇಳ್ತೀನಿ" ಅಂದೆ. ಓದುತ್ತಾ ಹೋದರೆ ಅದು ಒಂದೂವರೆ ನೂರು ವರ್ಷದ ಕಥೆ. ಇಷ್ಟು ಹಳೆಯ ಕಥೆಯನ್ನು ಅವರು ಒಂದು ಕರಪತ್ರದಲ್ಲಿ ಮುಗಿಸಿಬಿಟ್ಟಿದ್ದರು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ

ನಮ್ಮ ಕಡೆ "ಬ್ಲಡ್ ಕ್ಯಾನ್ಸರ್" ಅನ್ನುತ್ತೇವಲ್ಲ, ಅದು ಬೇರೆ. ಅಲ್ಲಿ ರಕ್ತ ತಯಾರಾಗುವ ಮೂಳೆಯ ಮಜ್ಜೆಯಲ್ಲೇ ಕಾಯಿಲೆ ಇರುತ್ತದೆ. ಎಷ್ಟೋ ಸಲ ಸಾಮಾನ್ಯ ರಕ್ತ ಪರೀಕ್ಷೆಯಲ್ಲೇ ಅದರ ಸುಳಿವು ಸಿಗುತ್ತದೆ.

ಇಲ್ಲಿ ಹೇಳುತ್ತಿರುವುದು ಬಾಯಿ, ಸ್ತನ, ಕರುಳು, ಶ್ವಾಸಕೋಶದಂಥ ಕಡೆ ಗಡ್ಡೆಯಾಗಿ ಬೆಳೆಯುವ ಕ್ಯಾನ್ಸರ್ ಬಗ್ಗೆ. ಗಡ್ಡೆಯಿಂದ ಕೆಲವು ಜೀವಕೋಶಗಳು ಕಳಚಿಕೊಂಡು ರಕ್ತಕ್ಕೆ ಸೇರಿ ಮೈಯೆಲ್ಲ ಸುತ್ತುತ್ತವೆ. ಕ್ಯಾನ್ಸರ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡುವ ಮುಖ್ಯ ದಾರಿಗಳಲ್ಲಿ ಇದೂ ಒಂದು. ಹಾಗೆ ತಿರುಗುವ ಕೋಶವನ್ನು ತೋಳಿನಿಂದ ತೆಗೆದ ರಕ್ತದಲ್ಲಿ ಹಿಡಿಯಬಹುದಾ? ಇದೇ ಪ್ರಶ್ನೆ.

ಮೆಲ್ಬರ್ನ್, 1869

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಥಾಮಸ್ ಆ್ಯಶ್‌ವರ್ತ್ ಅಂತ ಒಬ್ಬ ವೈದ್ಯ. ಅವರ ಆಸ್ಪತ್ರೆಯಲ್ಲಿ 38 ವರ್ಷದ ಒಬ್ಬ ರೋಗಿ ತೀರಿಕೊಂಡ. ಎದೆ ಮತ್ತು ಹೊಟ್ಟೆಯ ಚರ್ಮದ ಕೆಳಗೆ ಸುಮಾರು 30 ಗಡ್ಡೆಗಳಿದ್ದವು. ಇಷ್ಟು ಗಡ್ಡೆ ಒಬ್ಬನೇ ಮನುಷ್ಯನಲ್ಲಿ ಹೇಗೆ ಹುಟ್ಟಿದವು ಅನ್ನೋದು ಆ್ಯಶ್‌ವರ್ತ್ ಅವರ ಕುತೂಹಲ.

ಅವರು ಸತ್ತವನ ಆರೋಗ್ಯವಾಗಿದ್ದ ಕಾಲಿನ ರಕ್ತನಾಳದಿಂದ ರಕ್ತ ತೆಗೆದು ಮೈಕ್ರೋಸ್ಕೋಪಿನ ಕೆಳಗೆ ಇಟ್ಟರು. ಅಲ್ಲಿ ಸಾಮಾನ್ಯ ರಕ್ತಕಣಗಳ ನಡುವೆ ದೊಡ್ಡ ದೊಡ್ಡ ವಿಚಿತ್ರ ಕೋಶಗಳು ಕಂಡವು. ಗಡ್ಡೆಯಿಂದ ತೆಗೆದ ಕೋಶಗಳ ಪಕ್ಕದಲ್ಲಿಟ್ಟು ಅಳತೆ, ಆಕಾರ ಹೋಲಿಸಿ ನೋಡಿದರು. ಎರಡೂ ಒಂದೇ ತರ.

ಆಗ ಅವರು ಬರೆದ ತರ್ಕ ಸರಳ. ಈ ಕೋಶ ಗಡ್ಡೆಯಿಂದಲೇ ಬಂದಿದ್ದರೆ, ಕಾಲಿನ ಈ ರಕ್ತನಾಳ ತಲುಪೋಕೆ ಮೈಯ ರಕ್ತದ ದಾರಿಯ ಬಹುಪಾಲನ್ನು ಸುತ್ತಿಕೊಂಡೇ ಬಂದಿರಬೇಕು. ಹಾಗಾದರೆ ಒಬ್ಬನಲ್ಲೇ ಇಷ್ಟು ಗಡ್ಡೆ ಹೇಗೆ ಹುಟ್ಟಿದವು ಅನ್ನೋದಕ್ಕೆ ಇದರಿಂದ ಸುಳಿವು ಸಿಗಬಹುದು.

ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯಲ್ಲಿ ಅದೊಂದು ಚಿಕ್ಕ ವರದಿಯಾಗಿ ಬಂತು. ರಕ್ತದಲ್ಲಿ ತಿರುಗುವ ಕ್ಯಾನ್ಸರ್ ಕೋಶದ ಇತಿಹಾಸ ಬರೆಯುವವರೆಲ್ಲ ಇಲ್ಲಿಂದಲೇ ಶುರು ಮಾಡುತ್ತಾರೆ. ಆದರೆ ಒಂದು ಮಾತು ನೆನಪಿಡಿ. ಆ ರೋಗಿಗೆ ಕಾಯಿಲೆ ಮೈತುಂಬ ಹರಡಿತ್ತು, ಆತ ಸತ್ತೂ ಹೋಗಿದ್ದ. ರಕ್ತದಲ್ಲಿ ಕೋಶ ಕಂಡದ್ದು ಕಟ್ಟಕಡೆಗೆ.

ಬೀಜ ಮತ್ತು ಮಣ್ಣು

ಇಪ್ಪತ್ತು ವರ್ಷದ ನಂತರ, 1889ರಲ್ಲಿ, ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪೇಜೆಟ್ ಸ್ತನ ಕ್ಯಾನ್ಸರ್‌ನಿಂದ ಸತ್ತ 735 ಮಂದಿಯ ದಾಖಲೆ ಒಟ್ಟು ಮಾಡಿದರು. ಕಾಯಿಲೆ ಎಲ್ಲೆಲ್ಲಿ ಹರಡಿತ್ತು ಅಂತ ಲೆಕ್ಕ ಹಾಕಿದರು. ಬರೀ ರಕ್ತ ಹೊತ್ತೊಯ್ದ ಕಡೆಗೆಲ್ಲ ಕ್ಯಾನ್ಸರ್ ಬೆಳೆಯೋದಾದರೆ ಗುಲ್ಮ (ಸ್ಪ್ಲೀನ್) ಮತ್ತು ಯಕೃತ್ತು (ಲಿವರ್) ಎರಡರಲ್ಲೂ ಹೆಚ್ಚುಕಡಿಮೆ ಸಮನಾಗಿ ಕಾಣಬೇಕಿತ್ತು. ಹಾಗಿರಲಿಲ್ಲ. ಯಕೃತ್ತಿನಲ್ಲಿ ತುಂಬ, ಗುಲ್ಮದಲ್ಲಿ ಬಹಳ ಕಡಿಮೆ.

ಅವರು ಕೊಟ್ಟ ಹೋಲಿಕೆ ನಮ್ಮ ರೈತರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಗಿಡದ ಬೀಜ ಗಾಳಿಗೆ ಎಲ್ಲ ದಿಕ್ಕಿಗೂ ಹಾರುತ್ತದೆ, ಆದರೆ ಒಗ್ಗುವ ಮಣ್ಣಿಗೆ ಬಿದ್ದಾಗ ಮಾತ್ರ ಮೊಳೆಯುತ್ತದೆ. ಕ್ಯಾನ್ಸರ್ ಕೋಶವೂ ಹಾಗೇ.

ಇದಕ್ಕೆ ಸಾಕ್ಷಿ ಬಹಳ ತಡವಾಗಿ ಬಂತು. 1970ರಲ್ಲಿ ಅಮೆರಿಕದ ಐಸಾಯ ಫಿಡ್ಲರ್ ಇಲಿಗಳ ರಕ್ತಕ್ಕೆ ಗುರುತು ಹಾಕಿದ ಕ್ಯಾನ್ಸರ್ ಕೋಶ ಬಿಟ್ಟು ನೋಡಿದರು. ಒಂದು ದಿನ ಕಳೆಯುವಷ್ಟರಲ್ಲಿ ನೂರಕ್ಕೆ ಒಂದು ಕೋಶವೂ ಜೀವಂತ ಉಳಿದಿರಲಿಲ್ಲ. ಉಳಿದವುಗಳಲ್ಲೂ ಎಲ್ಲವೂ ಗಡ್ಡೆಯಾಗಲಿಲ್ಲ. ಅಂದರೆ ರಕ್ತದಲ್ಲಿ ಕೋಶ ಇದೆ ಅನ್ನೋದಕ್ಕೂ ಅದು ಬೇರೆ ಕಡೆ ಬೇರು ಬಿಡುತ್ತದೆ ಅನ್ನೋದಕ್ಕೂ ನಡುವೆ ಬಹಳ ದೂರ ಇದೆ.

ಒಂದು ಸಲ ಎಲ್ಲರೂ ಮೋಸಹೋದರು

1940ರ ದಶಕದಲ್ಲಿ ಅಮೆರಿಕದಲ್ಲಿದ್ದ ಗ್ರೀಸ್ ಮೂಲದ ಜಾರ್ಜ್ ಪಾಪನಿಕೊಲಾವ್ ಒಂದು ದೊಡ್ಡ ಕೆಲಸ ಮಾಡಿದ್ದರು. ಹೆಂಗಸರ ಗರ್ಭಕಂಠದ ಕಡೆಯಿಂದ ತೆಗೆದ ಕೋಶಗಳನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡಿದರೆ ಕ್ಯಾನ್ಸರನ್ನು, ಅದರ ಮುಂಚಿನ ಹಂತವನ್ನೂ ಗುರುತಿಸಬಹುದು ಅಂತ ತೋರಿಸಿದರು. ಇವತ್ತು ಆಸ್ಪತ್ರೆಗಳಲ್ಲಿ "ಪ್ಯಾಪ್ ಟೆಸ್ಟ್" ಅನ್ನೋದು ಅವರ ಹೆಸರಿನದೇ.

ಕೋಶ ನೋಡಿ ಕಾಯಿಲೆ ಹೇಳುವ ವಿದ್ಯೆಗೆ ಹೀಗೆ ಬೆಲೆ ಬಂದಾಗ, ಅದನ್ನೇ ರಕ್ತದಲ್ಲಿ ಯಾಕೆ ಮಾಡಬಾರದು ಅನ್ನುವ ಹುಮ್ಮಸ್ಸು ಎದ್ದಿತು. 1955ರಲ್ಲಿ ಡೆನ್ಮಾರ್ಕಿನ ಶಸ್ತ್ರವೈದ್ಯ ಎಂಗೆಲ್ ಆಪರೇಷನ್ ಸಮಯದಲ್ಲಿ ಗಡ್ಡೆಯ ಕಡೆಯಿಂದ ಬರುವ ರಕ್ತದಲ್ಲಿ ಕ್ಯಾನ್ಸರ್ ಕೋಶ ಹುಡುಕಿ ವರದಿ ಮಾಡಿದರು. ಬೇರೆ ಬೇರೆ ದೇಶದಿಂದಲೂ ವರದಿಗಳು ಬಂದವು. ನಾವೂ ಕಂಡೆವು, ನಾವೂ ಕಂಡೆವು ಅಂತ.

ಎಂಗೆಲ್ ಮಾತ್ರ ಅಲ್ಲಿಗೇ ನಿಲ್ಲಿಸಲಿಲ್ಲ. ಕೆಲವು ವರ್ಷ ಬಿಟ್ಟು ಅದೇ ರೋಗಿಗಳು ಏನಾದರು ಅಂತ ವಿಚಾರಿಸಿ 1959ರಲ್ಲಿ ಬರೆದರು. ರಕ್ತದಲ್ಲಿ ಕೋಶ ಕಂಡಿದ್ದವರಲ್ಲೂ ವರ್ಷಗಳ ನಂತರ ಬದುಕಿದ್ದವರು ಇದ್ದರು.

1960ರ ದಶಕದಲ್ಲಿ ಅಮೆರಿಕದ ತಜ್ಞರು ಹಳೆಯ ಗಾಜಿನ ಪಟ್ಟಿಗಳನ್ನು ಮತ್ತೆ ತೆಗೆದು ನೋಡಿದರು. ಕ್ಯಾನ್ಸರ್ ಕೋಶ ಅಂತ ಬರೆದಿದ್ದ ಎಷ್ಟೋ ಕೋಶಗಳು ಕ್ಯಾನ್ಸರ್ ಕೋಶಗಳೇ ಆಗಿರಲಿಲ್ಲ. ಪ್ಲೇಟ್‌ಲೆಟ್ ಹುಟ್ಟಿಸುವ ದೊಡ್ಡ ಕೋಶಗಳು ಮೂಳೆಯ ಮಜ್ಜೆಯಲ್ಲಿ ಇರುತ್ತವೆ. ಅವು ಒಮ್ಮೊಮ್ಮೆ ರಕ್ತಕ್ಕೂ ಬರುತ್ತವೆ. ಆರೋಗ್ಯವಂತರಲ್ಲೂ ಇರುತ್ತವೆ. ದೊಡ್ಡದಾಗಿ, ವಕ್ರವಾಗಿ ಕಾಣುವುದರಿಂದ ಕ್ಯಾನ್ಸರ್ ಕೋಶ ಅಂತ ಎಣಿಸಿಬಿಟ್ಟಿದ್ದರು. ಉತ್ಸಾಹ ಇಳಿಯಿತು. ಈ ಹುಡುಕಾಟ ಸುಮಾರು ಮೂವತ್ತು ವರ್ಷ ಮಂಕಾಯಿತು.

ಹಾಗಾದರೆ ಪ್ಯಾಪ್ ಟೆಸ್ಟ್ ಯಾಕೆ ಗೆದ್ದಿತು, ರಕ್ತದ್ದು ಯಾಕೆ ಸೋತಿತು? ಅಲ್ಲಿ ಕಾಯಿಲೆ ಹುಟ್ಟುವ ಜಾಗದಿಂದಲೇ ಕೋಶ ತೆಗೆಯುತ್ತಾರೆ. ರಕ್ತದಲ್ಲಿ ಇಡೀ ಮೈಯ ಸಂತೆಯೊಳಗೆ ಒಬ್ಬನನ್ನು ಹುಡುಕಬೇಕು.

ಸಾವಿರಾರು ಮೂಟೆ ರಾಗಿಯಲ್ಲಿ ಐದು ಕಾಳು

ಆ ಸಂತೆ ಎಷ್ಟು ದೊಡ್ಡದು ಅಂತ ಒಂದು ಲೆಕ್ಕ ಹಾಕಿದೆ. ಈಗಿನ ಪರೀಕ್ಷೆಗೆ 7.5 ಮಿಲಿ ರಕ್ತ ತೆಗೆಯುತ್ತಾರೆ. ಅಂದರೆ ಒಂದೂವರೆ ಟೀ ಚಮಚ. ಅದರಲ್ಲಿ ಸುಮಾರು 3,500 ಕೋಟಿ ಕೆಂಪು ಕಣ, ಕೆಲವು ಕೋಟಿ ಬಿಳಿ ಕಣ. 50 ಕೆಜಿ ಮೂಟೆ ರಾಗಿಯಲ್ಲಿ ಹೆಚ್ಚುಕಡಿಮೆ ಎರಡು ಕೋಟಿ ಕಾಳು ಇರುತ್ತದೆ ಅಂತಿಟ್ಟುಕೊಳ್ಳಿ. ಒಂದೂವರೆ ಸಾವಿರಕ್ಕೂ ಹೆಚ್ಚು ಮೂಟೆ ರಾಗಿ ಸುರಿದು, ಅದರಲ್ಲಿ ಬೇರೆ ಜಾತಿಯ ಐದು ಕಾಳು ಹುಡುಕಿದ ಹಾಗೆ.

ಕಣ್ಣಿನಿಂದ ಇದು ಆಗದ ಕೆಲಸ. ದಾರಿ ಸಿಕ್ಕಿದ್ದು ಬೇರೊಂದು ಶೋಧದಿಂದ. 1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಎಂಬಿಬ್ಬರು, ಒಂದೇ ಗುರಿಗೆ ಅಂಟುವ ಪ್ರತಿಕಾಯಗಳನ್ನು (ಆಂಟಿಬಾಡಿ) ಬೇಕಾದಷ್ಟು ತಯಾರಿಸುವ ವಿಧಾನ ಕಂಡುಹಿಡಿದರು. ಅದಕ್ಕೆ 1984ರಲ್ಲಿ ನೊಬೆಲ್ ಬಂತು. ಬೀಗಕ್ಕೆ ತಕ್ಕ ಕೀಲಿಯ ಹಾಗೆ, ಒಂದು ತರದ ಕೋಶಕ್ಕೆ ಮಾತ್ರ ಅಂಟುವ ವಸ್ತು ಅದು.

1990ರ ದಶಕದಲ್ಲಿ ಅಮೆರಿಕದ ಕೆಲವು ವಿಜ್ಞಾನಿಗಳು ಬಹಳ ಸಣ್ಣ ಕಬ್ಬಿಣದ ಕಣಗಳಿಗೆ ಇಂಥ ಪ್ರತಿಕಾಯ ಲೇಪಿಸಿದರು. ರಕ್ತಕ್ಕೆ ಬೆರೆಸಿದಾಗ ಅವು ಗಡ್ಡೆಯ ಕೋಶದ ಮೈಗೆ ಅಂಟುತ್ತವೆ, ಸಾಮಾನ್ಯ ರಕ್ತಕಣಕ್ಕೆ ಅಂಟುವುದಿಲ್ಲ. ಪಕ್ಕದಲ್ಲಿ ಅಯಸ್ಕಾಂತ ಹಿಡಿದರೆ ಅಂಟಿಕೊಂಡವು ಒಂದು ಕಡೆ ಬರುತ್ತವೆ. ಆಮೇಲೆ ಬಣ್ಣ ಹಾಕಿ ಬಿಳಿ ರಕ್ತಕಣಗಳನ್ನು ಬೇರೆ ಮಾಡಿ, ಉಳಿದದ್ದನ್ನು ಎಣಿಸುತ್ತಾರೆ. 1960ರ ದಶಕದ ತಪ್ಪು ಮತ್ತೆ ಆಗಬಾರದು ಅಂತಲೇ ಇಷ್ಟು ಜಾಗ್ರತೆ.

2004ರಲ್ಲಿ ಈ ವಿಧಾನದ "ಸೆಲ್‌ಸರ್ಚ್" ಯಂತ್ರಕ್ಕೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಅನುಮತಿ ಕೊಟ್ಟಿತು. ಅದೇ ವರ್ಷ ಹರಡಿದ ಸ್ತನ ಕ್ಯಾನ್ಸರ್ ಇದ್ದ 177 ಹೆಂಗಸರ ಅಧ್ಯಯನ ಪ್ರಕಟವಾಯಿತು. ಹೊಸ ಚಿಕಿತ್ಸೆಗೆ ಮುಂಚೆ 7.5 ಮಿಲಿ ರಕ್ತದಲ್ಲಿ ಐದು ಅಥವಾ ಹೆಚ್ಚು ಕೋಶ ಸಿಕ್ಕವರು ಸಾಮಾನ್ಯವಾಗಿ ಸುಮಾರು 10 ತಿಂಗಳು ಬದುಕಿದ್ದರು. ಐದಕ್ಕಿಂತ ಕಡಿಮೆ ಇದ್ದವರು 18 ತಿಂಗಳಿಗೂ ಹೆಚ್ಚು.

ಗಮನಿಸಿ. ಈ ಪರೀಕ್ಷೆಗೆ ಅನುಮತಿ ಸಿಕ್ಕಿದ್ದು ಕ್ಯಾನ್ಸರ್ ಇದೆಯೋ ಇಲ್ಲವೋ ಅಂತ ಪತ್ತೆ ಮಾಡೋಕಲ್ಲ. ಕ್ಯಾನ್ಸರ್ ಇದೆ, ಹರಡಿದೆ ಅಂತ ಆಗಲೇ ಗೊತ್ತಿರುವವರಲ್ಲಿ ಮುಂದಿನ ಸ್ಥಿತಿ ಅಂದಾಜು ಮಾಡೋಕೆ.

2007ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ತಂಡ 78,000 ಸೂಕ್ಷ್ಮ ಕಂಬಗಳಿರುವ ಒಂದು ಚಿಪ್ ಮಾಡಿತು. ರಕ್ತ ಆ ಕಂಬಗಳ ನಡುವೆ ಹರಿಯುವಾಗ ಕ್ಯಾನ್ಸರ್ ಕೋಶ ಅಂಟಿಕೊಳ್ಳುತ್ತದೆ. 116 ಮಾದರಿಗಳಲ್ಲಿ 115ರಲ್ಲಿ ಕೋಶ ಸಿಕ್ಕಿತು ಅಂತ ವರದಿಯಾಯಿತು. ಅವರೂ ಆಗಲೇ ಕ್ಯಾನ್ಸರ್ ಇದೆ ಅಂತ ಗೊತ್ತಿದ್ದ ರೋಗಿಗಳೇ.

ಸಿಗಲಿಲ್ಲ ಅಂದರೆ ಇಲ್ಲ ಅಂತಲಾ?

ಅತ್ತೆಗೆ ಬೇಕಿದ್ದ ಉತ್ತರ ಇಲ್ಲಿದೆ. 2012ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ವೈದ್ಯರು, ಕಾಯಿಲೆ ಇನ್ನೂ ದೂರಕ್ಕೆ ಹರಡದ 302 ಸ್ತನ ಕ್ಯಾನ್ಸರ್ ರೋಗಿಗಳ ರಕ್ತ ಪರೀಕ್ಷಿಸಿದ ವಿವರ ಪ್ರಕಟಿಸಿದರು. ಒಂದಾದರೂ ಕೋಶ ಸಿಕ್ಕಿದ್ದು 73 ಮಂದಿಯಲ್ಲಿ. ಅಂದರೆ ನೂರಕ್ಕೆ 24.

ಉಳಿದ 76 ಮಂದಿಯಲ್ಲೂ ಕ್ಯಾನ್ಸರ್ ಇತ್ತು. ಆ ಒಂದೂವರೆ ಚಮಚ ರಕ್ತದಲ್ಲಿ ಕೋಶ ಮಾತ್ರ ಸಿಗಲಿಲ್ಲ. ಕಾಯಿಲೆ ಸಣ್ಣದಿದ್ದಾಗ, ಅಂದರೆ ವಾಸಿ ಮಾಡುವ ಅವಕಾಶ ಹೆಚ್ಚಿರುವಾಗಲೇ, ಈ ಪರೀಕ್ಷೆ ಬಹಳ ಜನರನ್ನು ತಪ್ಪಿಸಿಬಿಡುತ್ತದೆ.

ತಿರುಗಾ ಮುರುಗಾ ಕೂಡ ಆಗುತ್ತದೆ. ಜರ್ಮನಿಯ ಕ್ಲೌಸ್ ಪಾಂಟೆಲ್ ಅವರ ತಂಡ ಅದೇ ವರ್ಷ, ಕ್ಯಾನ್ಸರ್ ಅಲ್ಲದ ಕರುಳಿನ ಕಾಯಿಲೆ ಇದ್ದ ಕೆಲವರ ರಕ್ತದಲ್ಲೂ ಇಂಥದ್ದೇ ಕೋಶಗಳು ಸಿಗುತ್ತವೆ ಅಂತ ತೋರಿಸಿತು.

ಇನ್ನೊಂದು ಪ್ರಶ್ನೆ ಉಳಿಯಿತು. ಗೊತ್ತಾದರೆ ಆಯಸ್ಸು ಹೆಚ್ಚುತ್ತದಾ? ಅದನ್ನೂ ಪರೀಕ್ಷಿಸಿದ್ದಾರೆ. ಹರಡಿದ ಸ್ತನ ಕ್ಯಾನ್ಸರ್‌ಗೆ ಮೊದಲ ಸುತ್ತಿನ ಕೀಮೋ ಆದಮೇಲೂ ರಕ್ತದಲ್ಲಿ ಕೋಶದ ಸಂಖ್ಯೆ ಇಳಿಯದವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೂಡಲೇ ಔಷಧಿ ಬದಲಿಸಿದರು, ಇನ್ನೊಂದಕ್ಕೆ ಅದನ್ನೇ ಮುಂದುವರಿಸಿದರು. 2014ರಲ್ಲಿ ಬಂದ ಫಲಿತಾಂಶ: ಎರಡೂ ಗುಂಪಿನವರು ಬದುಕಿದ ಅವಧಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸಂಖ್ಯೆ ನಿಜ ಹೇಳಿತ್ತು, ಆದರೆ ಆ ನಿಜಕ್ಕೆ ತಕ್ಕ ಔಷಧಿ ಕೈಯಲ್ಲಿರಲಿಲ್ಲ.

ಹಾಗಂತ ಎಲ್ಲ ಸುಳ್ಳು ಅಂತಲ್ಲ

ಈಗ ಇಡೀ ಕೋಶಕ್ಕಿಂತ ಹೆಚ್ಚಾಗಿ, ಗಡ್ಡೆಯಿಂದ ರಕ್ತಕ್ಕೆ ಸೇರುವ ಡಿಎನ್‌ಎ ಚೂರುಗಳನ್ನು ಹುಡುಕುತ್ತಿದ್ದಾರೆ. 2016ರಲ್ಲಿ ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಿಗೆ ಯಾವ ಔಷಧಿ ಹೊಂದುತ್ತದೆ ಅಂತ ನೋಡಲು ಇಂಥ ರಕ್ತ ಪರೀಕ್ಷೆಗೆ ಅನುಮತಿ ಸಿಕ್ಕಿತು. 2024ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಗೂ ಒಂದಕ್ಕೆ ಅನುಮತಿ ಸಿಕ್ಕಿತು. ಅದರಲ್ಲಿ ಪಾಸಿಟಿವ್ ಬಂದರೂ ಕರುಳೊಳಗೆ ಕ್ಯಾಮೆರಾ ಬಿಟ್ಟು ನೋಡಲೇಬೇಕು.

ಅನೇಕ ಕ್ಯಾನ್ಸರನ್ನು ಒಟ್ಟಿಗೆ ಹುಡುಕುವ ಒಂದು ಡಿಎನ್‌ಎ ಪರೀಕ್ಷೆಯನ್ನು ಅಮೆರಿಕದಲ್ಲಿ 6,621 ಜನರ ಮೇಲೆ ನಡೆಸಿ 2023ರಲ್ಲಿ ಫಲಿತಾಂಶ ಕೊಟ್ಟರು. 92 ಜನರಿಗೆ ಕ್ಯಾನ್ಸರ್ ಸುಳಿವು ಇದೆ ಅಂತ ಬಂತು. ಅದರಲ್ಲಿ ನಿಜವಾಗಿ ಕ್ಯಾನ್ಸರ್ ಇದ್ದದ್ದು 35 ಮಂದಿಗೆ. ಉಳಿದ 57 ಮಂದಿ ಕ್ಯಾನ್ಸರ್ ಇಲ್ಲದೆಯೇ ಸ್ಕ್ಯಾನ್, ಬಯಾಪ್ಸಿ ಅಂತ ಅಲೆದಾಟಕ್ಕೆ ಬಿದ್ದರು. ದೊಡ್ಡ ಆಸ್ಪತ್ರೆ, ವಿಮೆ ಎಲ್ಲ ಇರುವ ಊರಿನಲ್ಲೇ ಹೀಗೆ. ನಮ್ಮಲ್ಲಿ ಅಂಥ ಚೀಟಿ ಕೈಗೆ ಬಂದರೆ ಸಾಲ ಮಾಡಿ ಬೆಂಗಳೂರಿಗೆ ಬಸ್ ಹತ್ತಬೇಕು.

ಇನ್ನು ಕ್ಯಾಂಪಿನವರ ಪರೀಕ್ಷೆ. ಕರಪತ್ರದ ಫೋಟೋ ತರಿಸಿಕೊಂಡು ನೋಡಿದೆ. ಕೆಳಗೆ ಸಣ್ಣಕ್ಷರದಲ್ಲಿ ಇದ್ದದ್ದು ಸಿಇಎ, ಸಿಎ 125 ಇತ್ಯಾದಿ. ಇವು ಕೋಶವೂ ಅಲ್ಲ, ಡಿಎನ್‌ಎಯೂ ಅಲ್ಲ. ರಕ್ತದಲ್ಲಿರುವ ಪ್ರೋಟೀನುಗಳು. ಗೊತ್ತಿರುವ ಕ್ಯಾನ್ಸರ್‌ನ ಚಿಕಿತ್ಸೆ ಹೇಗೆ ನಡೆದಿದೆ ಅಂತ ನೋಡಲು ವೈದ್ಯರಿಗೆ ಉಪಯೋಗ ಆಗುತ್ತವೆ. ಸಿಇಎ ಬೀಡಿ ಸಿಗರೇಟು ಸೇದುವವರಲ್ಲೂ ಏರಿರಬಹುದು, ಸಿಎ 125 ಮುಟ್ಟಿನ ದಿನಗಳಲ್ಲೂ ಏರಬಹುದು. ಬಾಯಿಯೊಳಗಿನ ಬಿಳಿ ಮಚ್ಚೆಯನ್ನು ಇವು ಹಿಡಿಯುವುದಿಲ್ಲ.

ಹಣ ಕಡಿಮೆ, ಸಾಕ್ಷಿ ಗಟ್ಟಿ

ನಮ್ಮ ದೇಶದ ಹಳ್ಳಿಗಳಲ್ಲೇ ನಡೆದ ದೊಡ್ಡ ಪ್ರಯೋಗಗಳು ನಮಗೇ ಗೊತ್ತಿಲ್ಲ ಅನ್ನೋದು ನನಗೆ ಬೇಸರ ತಂದ ಸಂಗತಿ.

ಕೇರಳದ ತಿರುವನಂತಪುರದ ಕಡೆ 1996ರಿಂದ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ತೆರೆಸಿ ನೋಡಿದರು. 2005ರಲ್ಲಿ ಲೆಕ್ಕ ಬಂತು. ತಂಬಾಕು, ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು, ತಪಾಸಣೆ ಆಗದ ಕಡೆಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ.

ನಮ್ಮ ಬೀದರ್, ಕಲಬುರಗಿಗೆ ಹತ್ತಿರದ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 1,31,746 ಹೆಂಗಸರನ್ನು ಒಳಗೊಂಡ ಅಧ್ಯಯನ ನಡೆಯಿತು. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎಚ್‌ಪಿವಿ ವೈರಸ್‌ಗಾಗಿ ಒಂದೇ ಒಂದು ಸಲ ಪರೀಕ್ಷೆ ಮಾಡಿದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರ್ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಮುಂಬೈಯ ಟಾಟಾ ಆಸ್ಪತ್ರೆಯವರು ಕೊಳೆಗೇರಿಗಳಲ್ಲಿ ವಿನೆಗರ್‌ನಂಥ ದ್ರವ ಸವರಿ ನೋಡುವ ಪರೀಕ್ಷೆಯಿಂದ ಈ ಸಾವನ್ನು ನೂರಕ್ಕೆ 31ರಷ್ಟು ಇಳಿಸಿದರು.

ಬಾಯಿ, ಸ್ತನ, ಗರ್ಭಕಂಠ, ಈ ಮೂರರ ತಪಾಸಣೆ 30 ವರ್ಷ ದಾಟಿದವರಿಗೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ. ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ.

ಕ್ಯಾಂಪಿಗೆ ಹೋದರೆ ಕೇಳಬೇಕಾದ್ದು

ಇದು ಯಾವ ಕ್ಯಾನ್ಸರ್‌ಗೆ, ಯಾವ ಪರೀಕ್ಷೆ? ಕಾಯಿಲೆ ಇರುವವರಲ್ಲಿ ನೂರಕ್ಕೆ ಎಷ್ಟು ಮಂದಿಯನ್ನು ಹಿಡಿಯುತ್ತದೆ? ಇಲ್ಲದವರಲ್ಲಿ ಎಷ್ಟು ಮಂದಿಗೆ ಇದೆ ಅನ್ನುತ್ತದೆ? ಪಾಸಿಟಿವ್ ಬಂದರೆ ಮುಂದಿನ ಪರೀಕ್ಷೆ ಎಲ್ಲಿ, ಖರ್ಚು ಯಾರದು? ಉತ್ತರ ಕೊಡದೆ "ಇವತ್ತು ಮಾತ್ರ ಆಫರ್" ಅಂದರೆ ಎದ್ದು ಬನ್ನಿ.

ಅತ್ತೆ ಕ್ಯಾಂಪಿಗೆ ಹೋಗಲಿಲ್ಲ. ಸೋಮವಾರ ನಾನೇ ಬೈಕಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಟಾರ್ಚ್ ಹಾಕಿ ಎರಡು ನಿಮಿಷ ನೋಡಿದರು. ಜಿಲ್ಲಾ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಮಚ್ಚೆಯಿಂದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಇಲ್ಲ, ಆದರೆ ಆ ಕಡೆಗೆ ತಿರುಗಬಹುದಾದ ಬದಲಾವಣೆ ಶುರುವಾಗಿದೆ ಅಂತ ರಿಪೋರ್ಟ್ ಬಂದಿದೆ. ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಹೊಗೆಸೊಪ್ಪು ಬಿಡಬೇಕು, ಅಡಿಕೆಯನ್ನೂ ಬಿಡಬೇಕು. ಅಡಿಕೆ ತೋಟದ ನಡುವೆ ಇರುವ ನಮ್ಮೂರಲ್ಲಿ ಇದು ಹೇಳೋಕೂ ಕಷ್ಟದ ಮಾತು.

ಕ್ಯಾಂಪಿನಲ್ಲಿ ರಕ್ತ ಕೊಟ್ಟಿದ್ದರೆ "ನಾರ್ಮಲ್" ಅಂತ ಚೀಟಿ ಬರುವ ಸಾಧ್ಯತೆಯೇ ಹೆಚ್ಚಿತ್ತು. ಅತ್ತೆ ಅದನ್ನು ದೇವರ ಫೋಟೋ ಹಿಂದೆ ಇಟ್ಟು, ನೆಮ್ಮದಿಯಾಗಿ ಇನ್ನೊಂದು ಎಲೆ ಮಡಚುತ್ತಿದ್ದರು.

ಈಗ ಎಲೆ ಚೀಲದಲ್ಲಿ ಲವಂಗ ಇಟ್ಟುಕೊಂಡಿದ್ದಾರೆ. ಹತ್ತೊಂಬತ್ತು ದಿನ ಆಯಿತು. "ನಿನ್ನ ಹಿಸ್ಟ್ರಿ ಎಲ್ಲ ನಂಗೆ ಬ್ಯಾಡಪ್ಪಾ, ಮುಂದಿನ ಸಲ ಎಂದಿಗೆ ಹೋಗ್ಬೇಕು ಅಷ್ಟು ಹೇಳು" ಅಂದರು. ಮುಂದಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಬಂದಿದ್ದೇನೆ.